ಹೊರಡುವಾಗಿನ ಮೈಲೇಜು

ನಿವೃತ್ತ ತಹಶೀಲ್ದಾರ್ ಶೇಷಗಿರಿರಾಯರ ಪುಟ್ಟ ಕಾರು ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತಿತ್ತು. ರಾಯರು ಡ್ರೈವರ್ ಮಾದಪ್ಪನನ್ನು ಕರೆದು ಗುಡುಗಿದರು.

"ಇವತ್ತು ನಾನೇ ಅಳೀತೀನಿ. ಟ್ಯಾಂಕ್ ಫುಲ್ ಮಾಡಿಸಿ ಬೀಗರ ಮನೆಗೆ ಹೋಗಿ ಬರೋಣ. ವಾಪಸ್ ಬಂದು ತುಂಬಿಸಿದಾಗ ಹೋದ ಸಲದಷ್ಟೇ ಪೆಟ್ರೋಲ್ ಹಿಡಿಸಿದ್ರೆ, ನಾಳೆಯಿಂದ ನೀನು ಬರಬೇಡ!"

"ಆಗ್ಲಿ ಸಾರ್," ಅಂದ ಮಾದಪ್ಪ.

ಬೀಗರ ಮನೆಯಲ್ಲಿ ಊಟ ಆಯಿತು. ರಾಯರು ಕಾರು ಹತ್ತಿದರು, ಎ.ಸಿ. ಹಾಕಿಸಿದರು, ಕಿಟಕಿ ಇಳಿಸಿದರು. "ಸರಿ, ಬರ್ತೀವಿ ಹಾಗಾದ್ರೆ" ಅಂದು, ಎಂದಿನಂತೆ ಮಾತು ಶುರುವಿಟ್ಟುಕೊಂಡರು. ಬೀಗರು ಕಿಟಕಿಗೆ ಕೈಯೂರಿ ನಿಂತರು.

ಮಾದಪ್ಪ ಎಂಜಿನ್ ಆಫ್ ಮಾಡಿದ. ಇಳಿದು ಹೋಗಿ ಜಗಲಿ ಮೇಲೆ ಕೂತ. ಬೀಗಿತ್ತಿ ಅವನಿಗೆ ಕಾಫಿ ಕೊಟ್ಟರು.

ಬೆವರಿದ ರಾಯರು ಕೂಗಿದರು, "ಏನಯ್ಯಾ, ನಾವು ಹೊರಟಿದ್ದೀವಿ ಅಂತ ಗೊತ್ತಾಗಲ್ವಾ?"

"ಎಲ್ಲಿ ಸಾರ್? ತಮ್ಮ ಮಂಡಿನೋವಿನ ಮಾತೇ ಈಗ ಶುರುವಾಗಿದೆ. ಅದಾದ್ಮೇಲೆ ಬೀಗರ ಮಗನಿಗೆ ಹೆಣ್ಣು ಹುಡುಕಬೇಕು. ಅದೂ ಮುಗಿದ ಮೇಲೆ ತಾನೆ ನಾವು ಯಾವಾಗ್ಲೂ ಹೊರಡೋದು?"

ಬೀಗಿತ್ತಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ರಾಯರು ಮುಖ ದಪ್ಪ ಮಾಡಿಕೊಂಡರು.

ಸಂಜೆ ಬಂಕಿನಲ್ಲಿ ಟ್ಯಾಂಕು ಹೋದ ಸಲಕ್ಕಿಂತ ಕಡಿಮೆ ಪೆಟ್ರೋಲಿಗೇ ತುಂಬಿತು. "ನೋಡಿದ್ಯಾ, ನಾನು ನಿಗಾ ಇಟ್ಟರೆ ಹೇಗೆ ಮೈಲೇಜು ಬರುತ್ತೆ!" ಅಂದರು ರಾಯರು.

"ಹೌದು ಸಾರ್," ಅಂದ ಮಾದಪ್ಪ.

ಮುಂದಿನ ಭಾನುವಾರ ತಂಗಿಯ ಮನೆ ಮುಂದೆ ಕಾರು ಹತ್ತಿದ ರಾಯರು, ಕಿಟಕಿ ಇಳಿಸಿ ಮೆಲ್ಲಗೆ ಹೇಳಿದರು: "ಆಫ್ ಮಾಡಯ್ಯ. ಮಂಡಿನೋವು ಇನ್ನೂ ಬಾಕಿ ಇದೆ. ನೀನು ಹೋಗಿ ಕಾಫಿ ಕುಡಿ."