ಹಗ್ಗ ಹೇಳಿದ ಸಾಕ್ಷಿ

ಪಾಂಡುರಂಗಯ್ಯನವರ ಶೆಡ್ಡಿನಲ್ಲಿ ಎರಡು ಕಾರುಗಳಿದ್ದವು. ಕೆಂಪು ಕಾರನ್ನು ಅವರೇ ಮೆಚ್ಚಿ ಕೊಂಡಿದ್ದರು. ಬೂದು ಕಾರು ಮಾವನ ಮನೆಯಿಂದ ಬಂದದ್ದು. ಒಂದು ಬೆಳಿಗ್ಗೆ ಗುಜರಿ ಲಾರಿ ಬಾಗಿಲಿಗೆ ಬಂದು, "ನಂಬಿಕೆಗೆ ಅರ್ಹವಲ್ಲದ ಕಾರನ್ನು ಒಯ್ಯಬೇಕಾಗಿದೆ. ಯಾವುದು?" ಎಂದು ಕೇಳಿತು. ಬೂದು ಕಾರು ಮೂಲೆಗೆ ಸರಿಯಿತು.

"ಯಜಮಾನರ ಮಾತನ್ನೇ ಕೇಳಿ," ಎಂದಿತು ಕೆಂಪು ಕಾರು.

ಶೆಡ್ಡಿನ ಬಾಗಿಲಲ್ಲಿ ತೂಗುತ್ತಿದ್ದ ಪಂಜರದ ಗಿಳಿಗೆ ಯಜಮಾನರ ಮಾತು ಬಾಯಿಪಾಠವಾಗಿತ್ತು. "ಕೆಂಪು ಕಾರು ಚಿನ್ನ! ಒಂದು ದಿನವೂ ಕೈಕೊಟ್ಟಿಲ್ಲ. ಮಾವನ ಕಾರೋ, ಬಾಗಿಲು ತೆರೆದರೆ ಕಿರ್ ಎನ್ನುತ್ತದೆ. ಅದರ ಕಾಟ ಸಾಕಪ್ಪಾ ಸಾಕು!"

"ಹಾಗಾದರೆ ನೀನೇ ಹೊರಡಮ್ಮ," ಎಂದು ಲಾರಿ ಬೂದು ಕಾರಿನತ್ತ ತಿರುಗಿತು. ಬಾಗಿಲು ಕಿರುಗುಟ್ಟುವುದು ನಿಜವೇ.

ಆಗ ಗೂಟದಲ್ಲಿ ತೂಗುತ್ತಿದ್ದ ಹಗ್ಗ ಗಂಟಲು ಸರಿಪಡಿಸಿಕೊಂಡಿತು. "ಸ್ವಾಮೀ, ದಾರಿಯಲ್ಲಿ ಕೆಟ್ಟು ನಿಂತ ಕಾರನ್ನು ಮನೆಗೆ ತರುವವನು ನಾನು. ಕೆಂಪಮ್ಮ ಕೈಕೊಟ್ಟಾಗಲೆಲ್ಲ ಕೈಹಿಡಿದವನೂ ನಾನೇ. ನನ್ನ ಹಿಂದಿನ ತುದಿ ಸದಾ ಅವಳ ಕೊರಳಿಗೆ. ಮುಂದಿನ ತುದಿ ಸದಾ ಬೂದಮ್ಮನ ಬೆನ್ನಿಗೆ. ಕೊಕ್ಕೆಗಳನ್ನು ನೋಡಿ."

ಲಾರಿ ನೋಡಿತು. ಕೆಂಪು ಕಾರಿನ ಮುಂಗೊಕ್ಕೆ ಸವೆದು ಹೊಳೆಯುತ್ತಿತ್ತು. ಬೂದು ಕಾರಿನದರಲ್ಲಿ ಬಣ್ಣವೂ ಮಾಸಿರಲಿಲ್ಲ.

"ಗಿಳಿಯೇ, ಇದನ್ನೇಕೆ ಹೇಳಲಿಲ್ಲ?"

"ನಾನು ಮನೆಯ ಮಾತು ಬಲ್ಲೆ, ದಾರಿಯ ಸಂಗತಿ ನನಗೇನು ಗೊತ್ತು?"

"ನಡೆ," ಎಂದು ಲಾರಿ ಕೆಂಪು ಕಾರಿಗೆ ಗದರಿತು. ಅದರ ಎಂಜಿನ್ ಕೆಮ್ಮಿ ನಿಂತುಹೋಯಿತು. ಹಗ್ಗ ಹೇಳಿಸಿಕೊಳ್ಳದೆಯೇ ಗೂಟದಿಂದ ಇಳಿಯಿತು.

ಲಾರಿ ಕೆಂಪು ಕಾರನ್ನು ಎಳೆದುಕೊಂಡು ತಿರುವು ದಾಟಿದ ಮೇಲೆ ಬೂದು ಕಾರು ನಿಟ್ಟುಸಿರಿಟ್ಟು, ಬಾಗಿಲನ್ನು ಮನಸಾರೆ ಕಿರ್ ಎನಿಸಿತು.