ಬಾಗಿಲಿಗೆ ಬಾರದ ಕಾರು

ಚಿಕ್ಕಪೇಟೆಯ ಸೀರೆ ವ್ಯಾಪಾರಿ ವೆಂಕಟಾಚಲ ಶೆಟ್ಟರು ಮಗಳ ನಿಶ್ಚಿತಾರ್ಥಕ್ಕೆ ಹೊರಟಿದ್ದರು. ಗುಮಾಸ್ತ ಚೆನ್ನಿಗಪ್ಪ ಆ್ಯಪ್‌ನಲ್ಲಿ ಕಾರು ಕರೆದ. ತಳ್ಳುಗಾಡಿ ತುಂಬಿದ ಗಲ್ಲಿಯೊಳಗೆ ಬರಲಾರೆನೆಂದು ಡ್ರೈವರ್ ಮುಖ್ಯರಸ್ತೆಯಲ್ಲೇ ನಿಂತ.

"ಪೇಟೆಯವರೆಲ್ಲ ನೋಡ್ತಿರುವಾಗ ನಾನು ನಡೆಯೋದೇನೋ? ಕಾರು ಬಾಗಿಲಿಗೆ ಬರಲಿ. ಇಲ್ಲದಿದ್ದರೆ ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ!" ಶೆಟ್ಟರು ಗುಮಾಸ್ತನ ಮೇಲೆ ಗುಡುಗಿದರು.

ಚೆನ್ನಿಗಪ್ಪ ಅಕ್ಕಪಕ್ಕದ ಅಂಗಡಿಗಳಿಗೆ ಓಡಿದ. "ನಮ್ಮ ಶೆಟ್ಟರು ಮಗಳ ನಿಶ್ಚಿತಾರ್ಥಕ್ಕೆ ಹೊರಟವ್ರೆ, ಕಳಿಸಿಕೊಡೋಣ ಬನ್ನಿ!"

ಹೂವಿನವಳು ಶೆಟ್ಟರಿಗೆ ಹಾರ ಹಾಕಿದಳು. ಪೈಪೋಟಿಯ ವ್ಯಾಪಾರಿಗಳೂ ಜೊತೆಗೂಡಿದರು. ಶೆಟ್ಟರು ಮದುಮಗನ ಹಾಗೆ ಬೀಗುತ್ತಾ ಹೆಜ್ಜೆ ಹಾಕಿದರು. ಕಾರಿನ ಬಾಗಿಲು ಕಂಡಾಗಲೇ ಅವರಿಗೆ ಹೊಳೆದದ್ದು.

"ಲೋ, ನನ್ನನ್ನ ನಡೆಸೇಬಿಟ್ಟೆಯಲ್ಲೋ!"

"ನಡೆದವರು ನಾವು ಸ್ವಾಮಿ. ತಾವು ಮೆರವಣಿಗೆಯಲ್ಲಿ ಬಂದಿರಿ."

ಶೆಟ್ಟರು ಹಿಂದಕ್ಕೆ ತಿರುಗಿ ಇಡೀ ಪೇಟೆಗೆ ಕೈಮುಗಿದರು. "ಕಾರು ಬಾಗಿಲಿಗೇ ಬಂದಿದ್ದರೆ ಇಷ್ಟು ಜನ ನನ್ನವರು ಅಂತ ಗೊತ್ತಾಗ್ತಿರಲಿಲ್ಲ. ಹತ್ತೋ ಚೆನ್ನಿಗಪ್ಪ, ನೀನೂ ನಮ್ಮನೆಯವನೇ."