ಬೆನ್ನು ತೋರಿಸಿ ನಿಂತ ಕತ್ತೆ

ಇಟಲಿ ದೇಶದಲ್ಲೊಬ್ಬ ಶಿಲ್ಪಿ, ಬಾಲಯೇಸು ಹುಟ್ಟಿದ ಕೊಟ್ಟಿಗೆಯನ್ನು ಅಮೃತಶಿಲೆಯಲ್ಲಿ ಕೆತ್ತುತ್ತಿದ್ದನಂತೆ. ಅದರೊಳಗಿನ ಕತ್ತೆಗೆ ಒಂದೇ ಕೊರಗು. ಅದರ ಮುಖ ಕಂದನ ಕಡೆಗಿತ್ತು, ಪಿರ್ರೆ ಜನರ ಕಡೆಗಿತ್ತು.

"ಉಳಿಯಣ್ಣ, ಚರ್ಚಿಗೆ ಬಂದವರಿಗೆಲ್ಲ ನನ್ನ ಪಿರ್ರೆಯ ದರ್ಶನವೇ ಆಗೋದು. ನನ್ನ ಮುಖವನ್ನು ಈಚೆ ತಿರುಗಿಸು" ಅಂತ ಶಿಲ್ಪಿಯ ಕೈಯಲ್ಲಿದ್ದ ಉಳಿಯನ್ನು ಅಂಗಲಾಚಿತು.

"ಕಲ್ಲೇನು ರಾಗಿಮುದ್ದೆಯೇ ತಮ್ಮಾ, ಬೇಕಾದ ಹಾಗೆ ತಿರುಗಿಸೋಕೆ? ಈಚೆ ಉಳಿದಿರೋದು ನಿನ್ನ ಪಿರ್ರೆಯ ಕಲ್ಲೊಂದೇ. ಮುಖ ಬೇಕಾದರೆ ಅದರಲ್ಲೇ ಕೆತ್ತುತ್ತೇನೆ" ಎಂದಿತು ಉಳಿ.

"ಬೇಡ ಬಿಡಪ್ಪ" ಎಂದಿತು ಕತ್ತೆ.

ಶಿಲ್ಪ ಚರ್ಚು ಸೇರಿದ ದಿನ ಒಬ್ಬಳು ಮುದುಕಿ ಬಂದಳು. ಅವಳ ನೋಟ ಕತ್ತೆಯ ಬಾಲದಿಂದ ಬೆನ್ನು ಹತ್ತಿ, ಮುಂದಕ್ಕೆ ಚಾಚಿದ ಕಿವಿಗಳ ಮೇಲಿಂದ ಸೀದಾ ಕಂದನ ಮೇಲೆ ಇಳಿಯಿತು. ಅಲ್ಲೇ ಮಂಡಿಯೂರಿ ಕೈಮುಗಿದಳು.

ಕತ್ತೆ ಕಲ್ಲಾದರೂ ಬೆವರಿತು. "ಸದ್ಯ, ಮುಖ ಈಚೆಗಿದ್ದಿದ್ದರೆ ಈಯಮ್ಮ ನನಗೇ ಕೈಮುಗಿದುಬಿಡುತ್ತಿದ್ದಳು" ಅಂದುಕೊಂಡಿತು.